ಲಫ್ಟನ್ ಸಾಬ್ ದಾರಿ ತಪ್ಪಲಿ ಬಿಡಿ: ಪಲ್ಟನ್‌ಗಳ ಸಿ.ಓ. ಸಾಹೇಬರಿಗೊಂದು ಬಹಿರಂಗ ಪತ್ರ

ಎಲ್ಲ ಪಲ್ಟನ್‌ಗಳ (ಬೆಟಾಲಿಯನ್‌ಗಳ) ಸಿ.ಓ. (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ,

ಹುಕ್ಕೇರಿ ತಾಲ್ಲೂಕಿನ ಒಬ್ಬ ನಿವೃತ್ತ ಸುಬೇದಾರನ ಜೈ ಹಿಂದ್.

1987ರಲ್ಲಿ ಸಿಪಾಯಿಯಾಗಿ ಸೇರಿ 2017ರಲ್ಲಿ ಮನೆಗೆ ಬಂದೆ. 30 ವರ್ಷ ಬರೆದದ್ದೆಲ್ಲ ಹಿಂದಿಯಲ್ಲಿ. ಈ ಪತ್ರ ಮಾತ್ರ ಕನ್ನಡದಲ್ಲಿ. ಹಿಂದಿಯಲ್ಲಿ ನನಗೆ ರಿಪೋರ್ಟು ಬರೆಯಲು ಬರುತ್ತದೆ, ಮನಸ್ಸಿನ ಮಾತು ಬರೆಯಲು ಬರುವುದಿಲ್ಲ. ನಿಮ್ಮಲ್ಲಿ ಕನ್ನಡದವರು ಇದ್ದೇ ಇದ್ದೀರಿ, ಓದಿ ಪಕ್ಕದ ಪಲ್ಟನ್‌ನವರಿಗೂ ಹೇಳಿ. ಮಗನನ್ನೋ ಮಗಳನ್ನೋ ಆಫೀಸರ್ ಮಾಡಬೇಕು ಅಂತ ಕನಸು ಕಾಣುತ್ತಿರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರೂ ಓದಲಿ.

ಈಗ ಯಾಕೆ ಈ ಪತ್ರ ಅಂತ ಕೇಳಬಹುದು. ಹೋದ ತಿಂಗಳು ಒಂದು ಫೋನ್ ಬಂತು. ಹಿಂದೆ ನನ್ನ ಕಂಪನಿಯಲ್ಲಿ ಲೆಫ್ಟಿನೆಂಟ್ ಆಗಿದ್ದವರು ಈಗ ಕರ್ನಲ್, ಒಂದು ಪಲ್ಟನ್‌ನ ಸಿ.ಓ. "ಸಾಬ್, ನನ್ನ ಹತ್ರ ಇಬ್ರು ಹೊಸಬ್ರು ಬರ್ತಿದಾರೆ. ಅವರನ್ನ ಹೇಗೆ ನೋಡ್ಕೊಳ್ಳಲಿ?" ಅಂದರು. ಇಪ್ಪತ್ತು ವರ್ಷದ ಹತ್ತಿರ ಸರ್ವಿಸ್ ಆದವರು ಹೊಲ ಉಳುತ್ತಾ ಕೂತ ನನ್ನನ್ನು ಕೇಳುತ್ತಾರೆ! ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯಲು ಕೂತೆ. ಒಬ್ಬರಿಗೆ ಬರೆಯುವ ಬದಲು ಎಲ್ಲರಿಗೂ ಬರೆದರಾಯಿತು ಅನ್ನಿಸಿತು.

ಅವರ ಕಥೆಯಿಂದಲೇ ಶುರು ಮಾಡುತ್ತೇನೆ.

2007ರ ಜನವರಿ. ಪಲ್ಟನ್ ಪೀಸ್ ಸ್ಟೇಷನ್‌ನಲ್ಲಿತ್ತು, ಅಂದರೆ ಗಡಿಯ ಗಲಾಟೆಯಿಲ್ಲದ ಠಾಣೆಯಲ್ಲಿ. ಅವರು ಬಂದು ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಜವಾನರ ಬಾಯಲ್ಲಿ ಲೆಫ್ಟಿನೆಂಟ್ ಅನ್ನುವುದು 'ಲಫ್ಟನ್ ಸಾಬ್' ಆಗುತ್ತದೆ, ನಿಮಗೆ ಗೊತ್ತೇ ಇದೆ. ನಮ್ಮ ಲಫ್ಟನ್ ಸಾಬ್‌ಗೆ 22 ವರ್ಷ. ಮೀಸೆ ಸರಿಯಾಗಿ ಬಂದಿರಲಿಲ್ಲ. ರೂಢಿಯಂತೆ ಮೊದಲ ಒಂದು ತಿಂಗಳು ಬ್ಯಾರಕ್‌ನಲ್ಲೇ ಮಲಗಿದ್ದರು, ಜವಾನರ ಲಂಗರ್‌ನಲ್ಲೇ (ಅಡುಗೆಮನೆಯಲ್ಲೇ) ಊಟ. ಯಾರ ಊರು ಯಾವುದು, ಯಾರ ತಂಗಿಯ ಮದುವೆ ಬಾಕಿ ಇದೆ, ಎಲ್ಲ ಬಾಯಿಪಾಠ ಆಗಿತ್ತು.

ಅವತ್ತು ರಾತ್ರಿ ಕಂಪಾಸ್ ನಡಿಗೆ. 25 ಜನ, ಮುಂದೆ ಲಫ್ಟನ್ ಸಾಬ್, ಕೊನೆಯಲ್ಲಿ ನಾನು. ಜಿಪಿಎಸ್ ಮುಟ್ಟುವ ಹಾಗಿಲ್ಲ ಅನ್ನುವುದು ಅವತ್ತಿನ ಶರತ್ತು. ಕತ್ತಲಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಹತ್ತು ಡಿಗ್ರಿ ತಪ್ಪಿದರೆ ಮೂರು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಅರ್ಧ ಕಿಲೋಮೀಟರ್ ಆಚೆ. ಅಷ್ಟು ದೂರ ತಪ್ಪಿದರೆ ನಿಮ್ಮ ಪಾಲಿನ ಗುಡ್ಡವೇ ಬೇರೆ.

ಒಂದು ಗಂಟೆ ನಡೆದಿರಬಹುದು. ಮುಂದಿನಿಂದ ಕೈ ಮೇಲೆ ಎದ್ದಿತು, ಎಲ್ಲರೂ ಕೂತರು. ನನ್ನನ್ನು ಕರೆಸಿದರು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಸಾಬ್, ನಾಲಾ ಬಲಕ್ಕೆ ಸಿಗಬೇಕಿತ್ತು. ಎಡಕ್ಕೆ ಸಿಕ್ಕಿದೆ. ನಾನು ತಪ್ಪಿದೀನಿ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ."

"ಸಾಬ್, ರೈಫಲ್ ಬೆನ್ನಿಗೆ ಹಾಕ್ಕೊಂಡು ಇನ್ನೊಂದು ಸಲ ನೋಡಿ," ಅಂದೆ.

ರೈಫಲ್ ಎದೆಯ ಮೇಲೆ ಅಡ್ಡ ತೂಗುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಿದರು. ಕಂಪಾಸನ್ನು ಮತ್ತೆ ಕಣ್ಣಿಗೆ ಹಿಡಿದರು. ಹಸಿರಾಗಿ ಮಿನುಗುವ ಗುರುತು ನಿಧಾನ ತಿರುಗಿ ಬೇರೆ ಕಡೆ ಹೋಗಿ ನಿಂತಿತು. ಕಬ್ಬಿಣ ಹತ್ತಿರ ಇದ್ದರೆ ಕಂಪಾಸ್ ಅದರ ಮಾತು ಕೇಳುತ್ತದೆ, ಉತ್ತರ ದಿಕ್ಕಿನ ಮಾತು ಕೇಳುವುದಿಲ್ಲ. ಅವರು ಅರ್ಧ ನಿಮಿಷ ಅದನ್ನೇ ನೋಡುತ್ತಾ ಇದ್ದರು. ಆಮೇಲೆ ಸಣ್ಣಗೆ ನಕ್ಕರು. ಎದ್ದು ಹುಡುಗರ ಹತ್ತಿರ ಹೋಗಿ ಹೇಳಿದರು: "ತಪ್ಪು ನಂದು. ಬಂದೂಕು ಕಂಪಾಸ್ ಪಕ್ಕದಲ್ಲೇ ಇತ್ತು. ಒಂದು ಕಿಲೋಮೀಟರ್ ವಾಪಸ್ ನಡೀಬೇಕು."

ಎಲ್.ಎಂ.ಜಿ. (ಲೈಟ್ ಮಷಿನ್ ಗನ್) ಹೊತ್ತಿದ್ದ ಹುಡುಗನಿಗೆ ಎಲ್ಲರಿಗಿಂತ ಜಾಸ್ತಿ ಭಾರ, ಜಾಸ್ತಿ ಸಿಟ್ಟು ಬರಬೇಕಾದವನು ಅವನೇ. ಅವನೇ ಮೊದಲು ಎದ್ದು ನಿಂತ. "ಚಲೋ ಸಾಬ್" ಅಂದ. 50 ನಿಮಿಷ ತಡವಾಗಿ ಮುಟ್ಟಿದೆವು. ದಾರಿಯಲ್ಲಿ ಒಬ್ಬನೂ ಗೊಣಗಲಿಲ್ಲ. ಗೊಣಗಾಟ ನನಗೆ ಕೊನೆಯಲ್ಲಿದ್ದರೂ ಕೇಳಿಸುತ್ತದೆ, ಅದರಲ್ಲಿ ನನ್ನ ಕಿವಿ ಚುರುಕು.

ಆ ರಾತ್ರಿ ನನಗನ್ನಿಸಿದ್ದು ಇಷ್ಟು: ಈ ಹುಡುಗ ನಾಯಕನಾದ. ಹೆಗಲ ಮೇಲಿನ ಎರಡು ನಕ್ಷತ್ರ ದೇಹರಾದೂನ್‌ನ ಸೇನಾ ಅಕಾಡೆಮಿಯಲ್ಲಿ ಸಿಕ್ಕಿತ್ತು, ನಿಜ. ಆದರೆ 25 ಜನ ಅವರನ್ನು ಒಪ್ಪಿಕೊಂಡದ್ದು ಆ ನಾಲಾದ ಪಕ್ಕದಲ್ಲಿ, "ತಪ್ಪು ನಂದು" ಅಂದಾಗ.

ಬೆಳಗ್ಗೆ ಇಡೀ ಕಂಪನಿ ಸಾಲಾಗಿ ನಿಂತಿತ್ತು. ದೊಡ್ಡ ಸಾಹೇಬರೊಬ್ಬರು ಬಂದರು. ಹೆಸರು, ಹುದ್ದೆ ಯಾವುದೂ ಬೇಡ. ಎಲ್ಲರೆದುರು ಲಫ್ಟನ್ ಸಾಬ್‌ರನ್ನು ಮುಂದೆ ಕರೆದು, "ಮ್ಯಾಪ್ ಓದೋಕೆ ಬರದವನು ಜವಾನರನ್ನ ಲಡಾಯಿಗೆ ಕರ್ಕೊಂಡು ಹೋಗ್ತಾನಂತೆ" ಅಂದರು. ಇನ್ನೂ ಏನೇನೋ ಅಂದರು. ರಾತ್ರಿ ಜೊತೆಯಲ್ಲಿ ಇಲ್ಲದ ಕೆಲವು ಹುಡುಗರು ಕಿಸಕ್ಕನೆ ನಕ್ಕರು. ಆ 25 ಜನ ನಗಲಿಲ್ಲ.

ನಾನು ಮೂರು ಅಡಿ ದೂರದಲ್ಲಿ ಸಾವಧಾನ್‌ನಲ್ಲಿ ನಿಂತಿದ್ದೆ. ಸುಮ್ಮನಿದ್ದೆ. ಆಮೇಲೆ ಒಳಗೆ ಹೋಗಿ "ಸಾಬ್, ನಡೆದದ್ದು ಹೀಗೆ" ಅಂತ ಹೇಳಬಹುದಿತ್ತು. ಸುಬೇದಾರನಿಗೆ ಅಷ್ಟು ಹಕ್ಕಿದೆ. ಹೇಳಲಿಲ್ಲ. ಇಲ್ಲಿ ದೂರು ಬರೆಯುತ್ತಿರುವವನು ಪೂರ್ತಿ ಸಾಚಾ ಅಲ್ಲ, ಅದನ್ನೂ ತಿಳಿದಿರಿ.

ಮುಂದಿನ ಎಂಟು ತಿಂಗಳು ಆ ಹುಡುಗ ಬೇರೆಯೇ ಆದರು. ಪಲ್ಟನ್ ಬೆಟ್ಟಕ್ಕೆ ಏರಿತು. ಗಸ್ತಿಗೆ ಹೋದಾಗ ಪ್ರತಿ ಅರ್ಧ ಗಂಟೆಗೆ ರೇಡಿಯೊ ಸೆಟ್ ಕೈಗೆ. ಕೂರಬಹುದಾ ಸರ್, ಏಳಬಹುದಾ ಸರ್. ಒಂದು ದಿನ ಮಳೆಗೆ ಮರದ ಕಾಲುಸೇತುವೆ ಕೊಚ್ಚಿ ಹೋಗಿತ್ತು. ಎರಡು ದಾರಿ: ಕೆಳಗೆ ನೀರಿಗೆ ಇಳಿಯಬೇಕು, ಇಲ್ಲ ಮೇಲಿನ ಕಾಲುದಾರಿ ಹಿಡಿಯಬೇಕು. ಅವರ ಕಣ್ಣು ಆಗಲೇ ಮೇಲಿನ ದಾರಿಗೆ ಹೋಗಿತ್ತು, ನಾನು ನೋಡಿದೆ. ಉತ್ತರ ಗೊತ್ತಿತ್ತು. ಆದರೂ ಸೆಟ್ ಎತ್ತಿ ಕೇಳಿದರು. ಅತ್ತ ಕಡೆಯವರು ಅವರ ಮೇಲಿನವರನ್ನು ಕೇಳಿದರು. ಉತ್ತರ ಬರಲು 40 ನಿಮಿಷ. ಅಷ್ಟೂ ಹೊತ್ತು ನಾವು ಮಳೆಯಲ್ಲಿ ಕಲ್ಲಿನಂತೆ ಕೂತೆವು. ಕೊನೆಗೆ ಬಂದ ಆದೇಶ ಏನು ಗೊತ್ತಾ? ಮೇಲಿನ ದಾರಿ.

ಆ 40 ನಿಮಿಷವನ್ನು ಶತ್ರು ನೋಡುತ್ತಾ ಇದ್ದಿದ್ದರೆ ಅಂತ ನೀವೇ ಯೋಚಿಸಿ ಸಾಹೇಬರೇ.

ಆತ್ಮವಿಶ್ವಾಸ ಅಂದ ಕೂಡಲೇ ನಮ್ಮ ಜನಕ್ಕೆ ಎದೆ ಉಬ್ಬಿಸುವುದು, ಗಂಟಲು ಏರಿಸುವುದು ನೆನಪಾಗುತ್ತದೆ. ನನ್ನ ಅಕ್ಕನ ಮಗ ಬೆಂಗಳೂರಿನ ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರಿಗೆ ಎಸ್.ಎಸ್.ಬಿ.ಗೆ, ಅಂದರೆ ಆಫೀಸರ್ ಆಯ್ಕೆಯ ಪರೀಕ್ಷೆಗೆ, ಹೋಗಿದ್ದ. ಹೋಗುವ ಮುಂಚೆ ಯಾವುದೋ ಕೋಚಿಂಗ್. ಗುಂಪು ಚರ್ಚೆಯಲ್ಲಿ ಮೊದಲು ಬಾಯಿ ತೆಗೆಯಬೇಕು, ಜೋರಾಗಿ ಮಾತಾಡಬೇಕು ಅಂತ ಹೇಳಿಕೊಟ್ಟಿದ್ದರು. ಐದು ದಿನ ಇದ್ದು ಕೊನೆಯ ದಿನದ ಕಾನ್ಫರೆನ್ಸ್‌ನಲ್ಲಿ ಆಯ್ಕೆಯಾಗದೆ 'ಕಾನ್ಫರೆನ್ಸ್ ಔಟ್' ಆಗಿ ಬಂದ. ಎಸ್.ಎಸ್.ಬಿ.ಯವರು ನೋಡುವ ಗುಣಗಳು 15. ಆತ್ಮವಿಶ್ವಾಸ ಅದರಲ್ಲಿ ಒಂದೇ ಒಂದು. ಅದೇ ಪಟ್ಟಿಯಲ್ಲಿ ಹೊಣೆಗಾರಿಕೆ ಇದೆ, ಬೇಗ ನಿರ್ಧಾರ ಮಾಡುವುದು ಇದೆ, ಜೊತೆಯವರ ಜೊತೆ ಕೂಡಿ ಕೆಲಸ ಮಾಡುವುದು ಇದೆ. 15 ಸೆಕೆಂಡಿಗೊಂದರಂತೆ 60 ಪದ ತೋರಿಸಿ ತಲೆಗೆ ಬಂದದ್ದು ಬರಿ ಅನ್ನುತ್ತಾರೆ. ನಲವತ್ತನೇ ಪದದ ಹೊತ್ತಿಗೆ ಕೋಚಿಂಗ್‌ನಲ್ಲಿ ಉರು ಹೊಡೆದದ್ದು ಖಾಲಿಯಾಗಿ ನಿಜವಾದ ಹುಡುಗ ಹೊರಗೆ ಬರುತ್ತಾನೆ. ಅಪ್ಪ-ಅಮ್ಮಂದಿರೇ, ಮಕ್ಕಳಿಗೆ ಜೋರು ಮಾತು ಕಲಿಸಲು ದುಡ್ಡು ಸುರಿಯಬೇಡಿ. ಊರ ಜಾತ್ರೆಯಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಕೆಲಸ ಕೊಡಿ, ಅದರಲ್ಲಿ ಜಾಸ್ತಿ ಕಲಿಯುತ್ತಾರೆ.

ಸರಿ, ನಿಮ್ಮ ವಿಷಯಕ್ಕೆ ಬರುತ್ತೇನೆ.

ಮೈಯ ಧೈರ್ಯ ತಯಾರು ಮಾಡಲು ನಮ್ಮಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಎನ್.ಡಿ.ಎ. (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂರು ವರ್ಷ, ದೇಹರಾದೂನ್ ಒಂದು ವರ್ಷ. ಆಮೇಲೆ ನಮ್ಮ ಬೆಳಗಾವಿಯ ಕಮಾಂಡೊ ಕೋರ್ಸ್. ಮುಖಕ್ಕೆ ಕಪ್ಪು ಬಳಿದುಕೊಂಡು ಬೆನ್ನಿಗೆ ಹೊರೆ ಹೊತ್ತು ಓಡುವ ಈ ಹುಡುಗರನ್ನು ನೋಡಿದರೆ ನಮ್ಮೂರ ಅಜ್ಜಿಯರು "ಯಾವ ತಾಯಿ ಮಕ್ಕಳೋ" ಅಂತ ನೀರು ಹಿಡಿದು ನಿಲ್ಲುತ್ತಾರೆ. ಕುಡಿಯುವ ಹಾಗಿಲ್ಲ, ಆ ಮಾತು ಬೇರೆ. ಇಷ್ಟೆಲ್ಲ ಮಾಡುವ ಹುಡುಗನಿಗೆ ಕಾಲಿನ ಮೇಲೆ ನಂಬಿಕೆ ಇರುತ್ತದೆ. ತನ್ನ ತೀರ್ಮಾನದ ಮೇಲೆ ನಂಬಿಕೆ ಇನ್ನೂ ಇರುವುದಿಲ್ಲ. ಅದು ಅಕಾಡೆಮಿಯಲ್ಲಿ ಸಿಗುವ ಸಾಮಾನಲ್ಲ. ನಿಜವಾದ ಜವಾನರು ಹಿಂದೆ ಇರುವಾಗ, ನಿಜವಾದ ಕತ್ತಲಲ್ಲಿ, ತಾನೇ ತೀರ್ಮಾನ ಮಾಡಿ, ಸರಿಯೋ ತಪ್ಪೋ ತಾನೇ ಅನುಭವಿಸಿದಾಗ ಬರುತ್ತದೆ. ಅದು ನಿಮ್ಮ ಕೈಯಲ್ಲಿದೆ. ಮೊದಲ ಆರು ತಿಂಗಳು ನಿಮ್ಮ ಕೈಯಲ್ಲಿದೆ.

ಆರು ತಿಂಗಳು ಅಂದದ್ದು ಸುಮ್ನೆ ಅಲ್ಲ. ಅರುಣ್ ಖೇತ್ರಪಾಲ್ 1971ರ ಜೂನ್‌ನಲ್ಲಿ ಕಮಿಷನ್ ಆಗಿ (ಆಫೀಸರ್ ಆಗಿ) ಪೂನಾ ಹಾರ್ಸ್ ಅನ್ನುವ ಟ್ಯಾಂಕ್ ರೆಜಿಮೆಂಟಿಗೆ ಬಂದವರು. ಯುದ್ಧ ಬಂದಾಗ ಅವರಿನ್ನೂ ಅಹ್ಮದ್‌ನಗರದಲ್ಲಿ ಹೊಸ ಆಫೀಸರ್‌ಗಳ ಕೋರ್ಸ್ ಮಾಡುತ್ತಿದ್ದರು. ಡಿಸೆಂಬರ್ 16ರಂದು ಬಸಂತರ್ ಯುದ್ಧದಲ್ಲಿ ಅವರ ಟ್ಯಾಂಕಿಗೆ ಬೆಂಕಿ ಹತ್ತಿತು. ಬಿಟ್ಟು ಬಾ ಅಂತ ರೇಡಿಯೊದಲ್ಲಿ ಆದೇಶ ಬಂತು. ನನ್ನ ತೋಪು ಇನ್ನೂ ಕೆಲಸ ಮಾಡುತ್ತಿದೆ ಅಂತ ಹೇಳಿ ಅಲ್ಲೇ ನಿಂತರು. 21 ವರ್ಷ, ಆರು ತಿಂಗಳ ಸರ್ವಿಸ್. ಪರಮವೀರ ಚಕ್ರ ಬಂದದ್ದು ಅವರು ಹೋದ ಮೇಲೆ. ಅಂಥ ಹೊತ್ತಿನಲ್ಲಿ ಮನುಷ್ಯ ಯಾರನ್ನೂ ಕೇಳಲು ಆಗುವುದಿಲ್ಲ. ಕೇಳಿ ಕೇಳಿ ರೂಢಿಯಾದವನು ಆಗಲೂ ಕೇಳುತ್ತಾನೆ.

ಕಾರ್ಗಿಲ್‌ನಲ್ಲಿ ನಡೆದದ್ದೂ ಹೇಳುತ್ತೇನೆ. ಆಗ ನಾನು ಬೇರೆ ಕಡೆ ಇದ್ದೆ, ಆಮೇಲೆ ತಿಳಿದದ್ದು. 1999ರ ಜೂನ್‌ನಲ್ಲಿ 13 ಜಮ್ಮು-ಕಾಶ್ಮೀರ್ ರೈಫಲ್ಸ್‌ಗೆ ಪಾಯಿಂಟ್ 5140 ಹಿಡಿಯುವ ಕೆಲಸ. ಸಿ.ಓ. ಆಗಿದ್ದವರು ಲೆಫ್ಟಿನೆಂಟ್ ಕರ್ನಲ್ ಯೋಗೇಶ್ ಕುಮಾರ್ ಜೋಶಿ. ಮುಂದೆ ಹೋಗಬೇಕಿದ್ದವರು ಇಬ್ಬರು ಲೆಫ್ಟಿನೆಂಟ್‌ಗಳು, ವಿಕ್ರಮ್ ಬಾತ್ರಾ ಮತ್ತು ಸಂಜೀವ್ ಜಮ್ವಾಲ್. ಗೆದ್ದ ಮೇಲೆ ರೇಡಿಯೊದಲ್ಲಿ ಏನು ಸಂಕೇತ ಹೇಳುತ್ತೀರಿ ಅಂತ ಸಿ.ಓ. ಕೇಳಿದರು. ಬಾತ್ರಾ ಆಗ ಟಿವಿಯಲ್ಲಿ ಬರುತ್ತಿದ್ದ ತಂಪು ಪಾನೀಯದ ಜಾಹೀರಾತಿನ ಸಾಲು "ಯೇ ದಿಲ್ ಮಾಂಗೇ ಮೋರ್" ಆರಿಸಿಕೊಂಡರು. ಜಮ್ವಾಲ್ ಬಾಯಿಗೆ ಬಂದದ್ದು "ಓ ಯೇ ಯೇ ಯೇ". ಬಾತ್ರಾ ಅವರ ಸಾಲು ಇಡೀ ದೇಶಕ್ಕೆ ಗೊತ್ತಾಯಿತು. ನನಗೆ ಇದರಲ್ಲಿ ಇಷ್ಟವಾಗುವುದು ಸಾಲು ಅಲ್ಲ, ಆ ಸಿ.ಓ. ಬೆಟ್ಟದ ಬುಡದಲ್ಲಿ ನಿಂತು, ಸಾಯಬಹುದಾದ ರಾತ್ರಿಯ ಮುಂಚೆ, ಗೆಲುವಿನ ಮಾತನ್ನು ಹುಡುಗರಿಗೇ ಬಿಟ್ಟುಕೊಟ್ಟರು. ಜಾಹೀರಾತಿನ ಸಾಲಾ, ಸೈನ್ಯದ ಘನತೆ ಏನಾಯಿತು ಅಂತ ತಿದ್ದಲು ಹೋಗಲಿಲ್ಲ. ಸಣ್ಣ ವಿಷಯ ಅನ್ನಿಸಬಹುದು. ಇಂಥ ಸಣ್ಣ ವಿಷಯಗಳನ್ನೇ ನಾವು ಜವಾನರು ಗಮನಿಸುವುದು.

ಈಗ ನಿಮ್ಮ ಕಷ್ಟ. ಅದೂ ನನಗೆ ಗೊತ್ತು. ಪಲ್ಟನ್ ಕೈಯಲ್ಲಿರುವುದು ಎರಡು, ಎರಡೂವರೆ ವರ್ಷ. ಅಷ್ಟರಲ್ಲಿ ಒಂದು ಬಂದೂಕು ಕಳೆದರೆ, ಒಂದು ಗಾಡಿ ಪಲ್ಟಿ ಹೊಡೆದರೆ, ಒಂದು ಗಸ್ತು ದಾರಿ ತಪ್ಪಿದರೆ ಮೇಲಿನವರ ನೆನಪಿನಲ್ಲಿ ಉಳಿಯುವುದು ಅದೊಂದೇ. ಎ.ಸಿ.ಆರ್.ನಲ್ಲಿ (ವರ್ಷದ ಗುಪ್ತ ವರದಿಯಲ್ಲಿ) 9ಕ್ಕೆ 8 ಬಂದರೂ ಮುಖ ಬಾಡುತ್ತದೆ ಅಂತ ಕೇಳಿದ್ದೇನೆ. ಬ್ರಿಗೇಡಿಯರ್ ಬಾಗಿಲು ಚಿಕ್ಕದು, ಹೊರಗೆ ನಿಂತವರು ಬಹಳ. ಹಾಗಾಗಿ ತಪ್ಪೇ ಆಗಬಾರದು ಅನ್ನುವ ಹಟ ಬರುತ್ತದೆ. ಜೀರೋ ಎರರ್ ಅಂತ ನೀವೇ ಅದಕ್ಕೆ ಹೆಸರಿಟ್ಟು ಮೆಸ್‌ನಲ್ಲಿ ಬೈದುಕೊಳ್ಳುತ್ತೀರಿ. ಬೆಳಗಾದರೆ ಅದನ್ನೇ ಮಾಡುತ್ತೀರಿ.

ತಪ್ಪಾಗಬಾರದು ಅಂದರೆ ಸುಲಭದ ದಾರಿ ಯಾವುದು? ಹುಡುಗನ ಕೈಗೆ ಏನೂ ಕೊಡದಿರುವುದು. ಜನರಲ್ ಸಾಹೇಬರು ಬರುತ್ತಾರೆ ಅಂದರೆ ಲಫ್ಟನ್ ಸಾಬ್‌ಗೆ ಗೇರು-ಸುಣ್ಣದ ಉಸ್ತುವಾರಿ. ದಾರಿಯ ಪಕ್ಕದ ಕಲ್ಲಿಗೆ ಒಂದು ಕೆಂಪು, ಒಂದು ಬಿಳಿ. ಬಾರಾಖಾನಾ (ಇಡೀ ಪಲ್ಟನ್‌ನ ಔತಣ) ಇದ್ದರೆ ಶಾಮಿಯಾನ, ಕುರ್ಚಿ. ಉಳಿದ ಹೊತ್ತು ಕಂಪ್ಯೂಟರ್ ಮುಂದೆ ಸ್ಲೈಡ್. ನಮ್ಮ ಒಬ್ಬ ಲಫ್ಟನ್ ಸಾಬ್ ರಾತ್ರಿ ಎರಡು ಗಂಟೆಗೆ ಅಕ್ಷರದ ಸೈಜು ತಿದ್ದುತ್ತಿದ್ದರು. "ಸಾಬ್, ಯುದ್ಧ ಬಂದ್ರೆ ನಾನು ಶತ್ರುವಿಗೆ ಸ್ಲೈಡ್ ತೋರಿಸಿ ಸೋಲಿಸ್ತೀನಿ" ಅಂತ ತಮಾಷೆ ಮಾಡಿದರು. ನಕ್ಕೆ. ಆಮೇಲೆ ಟೀ ತರಿಸಿಕೊಟ್ಟೆ. ಇನ್ನೇನು ಮಾಡಲಿ?

ಈಗಂತೂ ಡ್ರೋನ್ ಬಂದಿದೆ, ಪರದೆಯ ಮೇಲೆ ಗಸ್ತು ಕಾಣುತ್ತದೆ. ಕಾಣುವುದು ಒಳ್ಳೆಯದೇ. ಆದರೆ ಕಂಡಾಕ್ಷಣ ಮಾತಾಡಬೇಕು ಅಂತ ಬಾಯಿ ತುರಿಸುತ್ತದೆ ಅಲ್ವಾ? ಅಲ್ಲೇ ತಡೆದುಕೊಳ್ಳಿ ಅನ್ನುವುದು ನನ್ನ ಮನವಿ. ಮೇಲಿಂದ ಗುಡ್ಡ ಕಾಣುತ್ತದೆ, ಹುಡುಗನ ಕಾಲ ಕೆಳಗಿನ ಜಾರುವ ಕಲ್ಲು ಕಾಣುವುದಿಲ್ಲ.

ನಮ್ಮ ಜೆ.ಸಿ.ಓ.ಗಳದ್ದೂ, ಅಂದರೆ ನನ್ನಂಥ ಸುಬೇದಾರರದ್ದೂ, ಒಂದು ಪಾಲಿದೆ. ಹುಡುಗನ ಕೈಯಿಂದ ತೀರ್ಮಾನವನ್ನು ನೀವು ಬೈದು ಕಿತ್ತುಕೊಳ್ಳುತ್ತೀರಿ, ನಾವು ಮುದ್ದು ಮಾಡಿ ಕಿತ್ತುಕೊಳ್ಳುತ್ತೇವೆ. "ಸಾಬ್, ಆಪ್ ಆರಾಮ್ ಕರೋ, ಹೋ ಜಾಯೇಗಾ." ಈ ಒಂದು ಮಾತಿನಿಂದ ಎಷ್ಟು ಲಫ್ಟನ್‌ಗಳನ್ನು ಹಾಳು ಮಾಡಿದ್ದೇವೋ ಲೆಕ್ಕ ಇಟ್ಟವರಿಲ್ಲ. ಡ್ಯೂಟಿ ಪಟ್ಟಿ ನಾವೇ ಮಾಡುತ್ತೇವೆ, ರಜೆ ಯಾರಿಗೆ ಅಂತ ನಾವೇ ಹೇಳುತ್ತೇವೆ, ಸಾಬ್ ಸಹಿ ಹಾಕುತ್ತಾರೆ. ಎರಡು ವರ್ಷಕ್ಕೆ ಕ್ಯಾಪ್ಟನ್ ಆಗುತ್ತಾರೆ. ಆಮೇಲೆ ಒಂದು ದಿನ ಸುಮಾರು 120 ಜನರ ಕಂಪನಿ ಕೈಗೆ ಬರುತ್ತದೆ, ಪಕ್ಕದಲ್ಲಿ ಹಳೇ ಸುಬೇದಾರ ಇರುವುದಿಲ್ಲ. ಆಗ ಯಾರನ್ನು ನೋಡಬೇಕು? ಈಗಿನ ಜವಾನರೂ ನಮ್ಮ ಕಾಲದವರಲ್ಲ. 2022ರ ನಂತರದ ಅಗ್ನಿವೀರ ನಾಲ್ಕು ವರ್ಷಕ್ಕೆ ಬಂದಿರುತ್ತಾನೆ, ಲಫ್ಟನ್ ಸಾಬ್‌ನ ವಯಸ್ಸಿನ ಆಸುಪಾಸು, ಕೈಯಲ್ಲಿ ಅದೇ ಫೋನು. ಅವನು ನಕ್ಷತ್ರ ನೋಡಿ ಸಲ್ಯೂಟ್ ಹೊಡೆಯುತ್ತಾನೆ. ಜೊತೆಗೆ ಬರುವುದು ಮನುಷ್ಯನನ್ನು ನೋಡಿ.

ಇನ್ನೊಂದು ಮಾತು. 2025ರ ಮೇನಲ್ಲಿ ಎನ್.ಡಿ.ಎ.ಯಿಂದ ಮೊದಲ ಸಲ 17 ಹುಡುಗಿಯರು ಪಾಸಾಗಿ ಹೊರಬಂದರು. ಅವರಲ್ಲಿ ಯಾರಾದರೂ ನಿಮ್ಮಲ್ಲಿಗೆ ಬಂದರೆ, ದಯವಿಟ್ಟು ಭೂತಗನ್ನಡಿ ಹಿಡಿದು ನೋಡಬೇಡಿ. ಹುಡುಗ ದಾರಿ ತಪ್ಪಿದರೆ ಆ ಹುಡುಗ ತಪ್ಪಿದ ಅನ್ನುತ್ತೇವೆ. ಹುಡುಗಿ ತಪ್ಪಿದರೆ ಹೆಣ್ಣುಮಕ್ಕಳಿಗೆ ಇದೆಲ್ಲ ಆಗಲ್ಲ ಅನ್ನುತ್ತೇವೆ. ಅವಳ ಬೆನ್ನಿನ ಹೊರೆ ಮೊದಲೇ ಸಾಕಷ್ಟಿದೆ.

ನನ್ನ ಲಫ್ಟನ್ ಸಾಬ್ ಮತ್ತೆ ಸರಿಹೋದದ್ದು ಹೇಗೆ ಅಂತ ಹೇಳಿ ಮುಗಿಸುತ್ತೇನೆ. ಹೊಸ ಸಿ.ಓ. ಬಂದರು. ಮಾತು ಕಡಿಮೆ. ಮೊದಲ ಗಸ್ತಿಗೆ ಹೊರಡುವಾಗ ಗೇಟಿನ ಹತ್ತಿರ ಬಂದು, "ದಿನಕ್ಕೆ ಎರಡು ಸಲ ಎಲ್ಲಿದೀರಿ ಅಂತ ಹೇಳಿ. ಏನು ಮಾಡ್ಲಿ ಅಂತ ಕೇಳಬೇಡಿ" ಅಂದರು. ಹುಡುಗ ಕೇಳಿಯೇಬಿಟ್ಟರು, ರೂಢಿ ಬಿಡುತ್ತಾ? ಸೆಟ್‌ನಲ್ಲಿ ಒಂದೇ ಸಾಲು ವಾಪಸ್ ಬಂತು: "ನೀನೇನು ಅಂದ್ಕೊಂಡಿದೀಯ?" ಲಫ್ಟನ್ ಸಾಬ್ ತಡವರಿಸುತ್ತಾ ಹೇಳಿದರು. "ಹಾಗೇ ಮಾಡು" ಅಂತ ಬಂತು. ಮಾರನೇ ವಾರವೂ ಹಾಗೇ. ಮೂರನೇ ವಾರ ಸೆಟ್ ಎತ್ತಿಕೊಂಡವರು ಹಾಗೇ ಕೆಳಗಿಟ್ಟರು. ನನ್ನ ಕಡೆ ತಿರುಗಿ, "ಸಾಬ್, ಎಡಗಡೆಯಿಂದ ಹೋಗೋಣ" ಅಂದರು. ನಾನು ಬಲಗಡೆ ವಾಸಿ ಅಂದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡು ಎಡಗಡೆಯಿಂದ ಹೋದೆ.

ಆ ಸಿ.ಓ. ಬೈಯುತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಬೈಯುತ್ತಿದ್ದರು. ಬಾಗಿಲು ಹಾಕಿಕೊಂಡು ಬೈಯುತ್ತಿದ್ದರು. ಹೊರಗೆ ಬಂದ ಮೇಲೆ ಜವಾನರ ಮುಂದೆ ಹೆಗಲ ಮೇಲೆ ಕೈ. ನಿಮ್ಮಿಂದ ನಾನು ಕೇಳುವುದೂ ಹೆಚ್ಚು ಕಡಿಮೆ ಇಷ್ಟೇ. ಬೈಗುಳ ಕೋಣೆಯೊಳಗೆ ಇರಲಿ. ಗಸ್ತಿನ ಸೆಟ್‌ನಿಂದ ಸ್ವಲ್ಪ ದೂರ ಕೂತುಕೊಳ್ಳಿ. ಬ್ಯಾರಕ್‌ನ ಆ ಮೊದಲ ತಿಂಗಳನ್ನು ಫೋಟೊಗೋಸ್ಕರ ಮೂರು ದಿನಕ್ಕೆ ಇಳಿಸಬೇಡಿ. ಪೀಸ್ ಸ್ಟೇಷನ್‌ನಲ್ಲಿ ಹುಡುಗ ದಾರಿ ತಪ್ಪಲಿ ಬಿಡಿ, ಅಲ್ಲಿ ತಪ್ಪಿದರೆ ಹೋಗುವುದು 50 ನಿಮಿಷ ಅಷ್ಟೇ. ಜವಾನರಿಗೂ ನಡೆಯಲು ಸಂಬಳ ಕೊಡುತ್ತಾರೆ.

ಫೋನಿನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಅವತ್ತು ಬೆಳಗ್ಗೆ ಸುಮ್ಮನಿದ್ದದ್ದಕ್ಕೆ 18 ವರ್ಷದ ಮೇಲೆ ಕ್ಷಮೆ ಕೇಳಿದೆ. ಕರ್ನಲ್ ಸಾಹೇಬರು "ಬಿಡಿ ಸಾಬ್" ಅಂದರು. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ಅವರೇ ಕೇಳಿದರು.

"ಒಂದು ಕೇಳಲಾ? ಆ ರಾತ್ರಿ ನನ್ನ ರೈಫಲ್ ಕಂಪಾಸಿನ ಪಕ್ಕ ಇದ್ದದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಹೊರಡೋವಾಗಲೇ ಸಾಬ್."

ಅತ್ತ ಕಡೆಯಿಂದ ಜೋರು ನಗು. "ಒಂದು ಗಂಟೆ ನಡೆಸಿದ್ರಲ್ಲ ಸಾಬ್ ನೀವು!" ಅಂದರು. ನಗು ನಿಂತ ಮೇಲೆ ಅವರ ಪಲ್ಟನ್‌ನ ಸುಬೇದಾರರ ನಂಬರ್ ಕಳಿಸುತ್ತೇನೆ, ಒಂದು ಸಲ ಮಾತಾಡಿ ಅಂತ ಹೇಳಿ ಇಟ್ಟರು. ನಂಬರ್ ಬಂದಿದೆ. ನಾಳೆ ಮಾಡಬೇಕು.

ಜೈ ಹಿಂದ್.

ನಿಮ್ಮ,
ಒಬ್ಬ ಹಳೇ ಸುಬೇದಾರ